ದೊಡ್ಡ ಇಂಜೆಕ್ಷನ್ ಬರೆಸಿದವರು

ಆ ಹುಡುಗಿಯನ್ನು ಆಟೋದಿಂದ ಇಳಿಸಿಕೊಂಡವಳು ನಾನೇ. ಆರು ತಿಂಗಳ ಬಸುರಿ. ಹಲ್ಲು ಕಟಕಟ ಅನ್ನುವಷ್ಟು ನಡುಕ, ಸೊಂಟದ ಬಲಪಕ್ಕ ಕೈಯಿಟ್ಟರೆ ಕಿರುಚುತ್ತಿದ್ದಳು. ಜೊತೆಗೆ ಅತ್ತೆ. ಗಂಡ ಗರುಡಾಚಾರ್‌ಪಾಳ್ಯದ ಹತ್ತಿರ ಒಂದು ಬಿಲ್ಡಿಂಗಿನಲ್ಲಿ ಕಂಬಿ ಕಟ್ಟೋನು, ಮೇಸ್ತ್ರಿ ಬಿಡಲಿಲ್ಲ ಅಂತ ಸಂಜೆಗೆ ಬಂದ. ಯಾದಗಿರಿ ಕಡೆಯವರು, ಅಲ್ಲೇ ಬಾಡಿಗೆ ರೂಮು ಮಾಡಿಕೊಂಡಿದ್ದರು. ಹಿಂದಿನ ಸಲದ ಬಸಿರು ಐದನೇ ತಿಂಗಳಿಗೇ ಹೋಗಿತ್ತಂತೆ, ಅದೂ ಹೀಗೇ ಜ್ವರ ಬಂದು. ಅತ್ತೆ ಇದನ್ನು ಗೇಟಿನಲ್ಲಿ ವಾಚ್‌ಮನ್‌ಗೆ ಹೇಳಿದಳು, ಲಿಫ್ಟಿನಲ್ಲಿ ಗುರುತಿಲ್ಲದವರಿಗೂ ಹೇಳಿದಳು.

ನಾನು ಆ ನರ್ಸಿಂಗ್ ಹೋಮಿನ ಹೆಂಗಸರ ವಾರ್ಡಿನ ಆಯಾ. ಹಲಸೂರಿನಿಂದ ಸಿ.ವಿ. ರಾಮನ್ ನಗರಕ್ಕೆ ಹೋಗೋ ದಾರಿಯಲ್ಲಿದೆ, ಹೆಸರು ಬೇಡ. ಬೆಡ್‌ಪ್ಯಾನ್ ಕೊಡೋದು, ತೊಳೆಯೋದು, ಹಾಸಿಗೆ ಬದಲಿಸೋದು, ಲ್ಯಾಬಿಗೆ ಬಾಟ್ಲಿ ಇಳಿಸೋದು ನನ್ನ ಕೆಲಸ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಇದರ ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ, ಮಾತು ತಿದ್ದೋಕೆ ನಾನು ಬಿಟ್ಟಿಲ್ಲ.

ನಮ್ಮಲ್ಲಿಗೆ ಬರೋಕೆ ಮುಂಚೆ ಆ ಹುಡುಗಿಗೆ ಗಲ್ಲಿ ಕ್ಲಿನಿಕ್ಕಿನಲ್ಲಿ ಸೂಜಿ ಹಾಕಿಸಿದ್ದರು, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಮಾತ್ರೆಯನ್ನೂ ನುಂಗಿಸಿದ್ದರು. ಡ್ಯೂಟಿ ಡಾಕ್ಟರಮ್ಮ ಕೇಳಿದರು, "ಯಾವ ಸೂಜಿ ಅಜ್ಜಿ?"

"ಜ್ವರದ ಸೂಜಿ ರೀ."

"ಮಾತ್ರೆ ಯಾವುದು?"

"ಕೆಂಪಂದು. ಉದ್ದಂದು."

ಡಾಕ್ಟರಮ್ಮ ಹಣೆ ಒತ್ತಿಕೊಂಡರು. ಆಗತಾನೆ ಓದು ಮುಗಿಸಿ ಬಂದಿದ್ದ ಹುಡುಗಿ ಅವರು, ನನ್ನ ದೊಡ್ಡ ಮೊಮ್ಮಗಳಿಗಿಂತ ಸ್ವಲ್ಪ ದೊಡ್ಡವರು. ಪರೀಕ್ಷೆ ಮಾಡಿ, ಮೂತ್ರದ ಸೋಂಕು ಕಿಡ್ನಿಗೆ ಏರಿದೆ ಅಂದರು. ಮಗುವಿಗೆ ಏನೂ ಆಗಲ್ಲ ತಾನೇ ಅಂತ ಅತ್ತೆ ಕೇಳಿದಾಗ ಸುಳ್ಳು ಹೇಳಲಿಲ್ಲ. "ಜ್ವರ ಇಳಿಬೇಕು. ಇಳೀದೆ ಹೋದ್ರೆ ಹೆರಿಗೆ ನೋವು ಬೇಗ ಬಂದ್ಬಿಡಬಹುದು. ಆರು ತಿಂಗಳಿಗೆ ಹುಟ್ಟಿದ್ರೆ ಉಳಿಸೋದು ಕಷ್ಟ." ಆಮೇಲೆ ದೊಡ್ಡ ಡಾಕ್ಟರಿಗೆ ಫೋನ್ ಮಾಡಿದರು. ಅವರು ನೀಲಿ ಮುಚ್ಚಳದ ಇಂಜೆಕ್ಷನ್ ಶುರು ಮಾಡು, ಅದಕ್ಕೆ ಮುಂಚೆ ಮೂತ್ರ ಕಲ್ಚರ್‌ಗೆ ಕಳಿಸು ಅಂದರು.

ಕಲ್ಚರ್ ಅಂದರೆ, ಮೂತ್ರದಲ್ಲಿರೋ ಕ್ರಿಮಿಯನ್ನು ಲ್ಯಾಬಿನಲ್ಲಿ ಒಂದು ತಟ್ಟೆಯ ಮೇಲೆ ಬೆಳೆಸಿ, ಅದು ಯಾವ ಔಷಧಿಗೆ ಸಾಯುತ್ತೆ ಅಂತ ನೋಡೋದು. ಎರಡು ಮೂರು ದಿನ ಹಿಡಿಯುತ್ತೆ. ಅಲ್ಲಿವರೆಗೆ ಡಾಕ್ಟರು ಅಂದಾಜಿನ ಮೇಲೆ ಔಷಧಿ ಹಾಕುತ್ತಿರಬೇಕು.

ಸಿಸ್ಟರ್ ಬಾಟ್ಲಿ ಕೊಟ್ಟರು. ನಾವು ಆಯಾಗಳು ಯಾವಾಗಲೂ ಮಾಡೋ ಹಾಗೇ ಮಾಡಿದೆ. ಮಲಗಿದ್ದ ಹಾಗೇ ಪ್ಯಾನ್ ಕೊಟ್ಟೆ, ಅದರಿಂದ ಬಾಟ್ಲಿಗೆ ಬಗ್ಗಿಸಿದೆ, ಲ್ಯಾಬಿಗೆ ಇಳಿಸಿ ಬಂದೆ. ವಾರ್ಡಿನಲ್ಲಿ ಇರೋದು ಕಮೋಡು ಒಂದೇ. ನಮ್ಮಲ್ಲಿಗೆ ಬರೋ ಎಷ್ಟೋ ಹೆಂಗಸರಿಗೆ ಅದರ ಮೇಲೆ ಕೂತರೆ ಒಂದು ಹನಿ ಬರಲ್ಲ. ಪ್ಯಾನೇ ಗತಿ.

ಮೂರನೇ ದಿನವೂ ಜ್ವರ ಬಿಡಲಿಲ್ಲ. ಬೆಳಿಗ್ಗೆ ಇಳಿದ ಹಾಗೆ ಕಾಣಿಸಿ ಮಧ್ಯಾಹ್ನಕ್ಕೆ ಮತ್ತೆ ನಡುಕ. ಅತ್ತೆ ಮಂಚದ ಕಾಲು ಹಿಡಿದು ಕೂತವಳು ಏಳುತ್ತಿರಲಿಲ್ಲ. ಡ್ಯೂಟಿ ಡಾಕ್ಟರಮ್ಮ ಆ ಕಡೆ ಹೋದರೆ ಸಾಕು, "ಡಾಕ್ಟರಬಾಯಿ, ದೊಡ್ಡ ಇಂಜೆಕ್ಷನ್ ಹಾಕ್ರೀ. ಬಡವರಂತ ಸಣ್ಣದು ಹಾಕಬ್ಯಾಡ್ರೀ" ಅನ್ನುತ್ತಿದ್ದಳು. ನಮ್ಮಲ್ಲಿ ದೊಡ್ಡದು ಅಂದರೆ, ಬೇರೆ ಔಷಧಿಗೆ ಜಗ್ಗದ ಕ್ರಿಮಿಗೆ ಅಂತ ಇಟ್ಟಿರೋ ಭಾರೀ ಜೋರಿನದ್ದು. ಸಂಜೆ ವಿಸಿಟಿಂಗ್ ಟೈಮಿಗೆ ಗಂಡನ ಜೊತೆ ಸೈಟಿನವರು ಗುಂಪಾಗಿ ಬಂದರು. ಯಾರೂ ಜಗಳ ಮಾಡಲಿಲ್ಲ. ಮಂಚದ ಸುತ್ತ ಸುಮ್ಮನೆ ನಿಂತರು, ಅಷ್ಟೇ. ಆದರೆ ಕಂಬಿ ಎತ್ತೋ ಕೈಯ ಗಂಡಸರು ಅಷ್ಟು ಜನ ಸುಮ್ಮನೆ ನಿಂತರೆ, ಚೀಟಿ ಬರೆಯೋ ಆ ಎಳೇ ಡಾಕ್ಟರಮ್ಮನಿಗೆ ಹೇಗಾಗಬೇಡ? ಅವರ ಪೆನ್ನು ಎರಡು ಸಲ ಕೆಳಗೆ ಬಿತ್ತು.

ಮಾರನೇ ದಿನ ಲ್ಯಾಬಿನ ಡಾಕ್ಟರಮ್ಮ ವಾರ್ಡಿಗೆ ಬಂದರು. ಹೊಸಬರು. ಅವರಿಗೆ ಮುಂಚೆ ಇದ್ದವರ ಮುಖವನ್ನು ನಾನು ನೋಡಿದ್ದೇ ಇಲ್ಲ, ಲ್ಯಾಬು ಇರೋದು ಬೇಸ್‌ಮೆಂಟಿನಲ್ಲಿ, ಅಲ್ಲಿಂದ ರಿಪೋರ್ಟು ಮಾತ್ರ ಮೇಲೆ ಬರುತ್ತಿತ್ತು. ಇವರು ರಿಪೋರ್ಟನ್ನು ಕೈಯಲ್ಲೇ ಹಿಡಿದು ತಂದಿದ್ದರು.

"ಈ ಸ್ಯಾಂಪಲ್ ತೆಗೆದಿದ್ದು ಯಾರು?"

ಸಿಸ್ಟರ್ ನನ್ನ ಕಡೆ ನೋಡಿದರು. "ನಾನೇ. ಏನಾಯ್ತು?" ಅಂದೆ.

"ನಾಲ್ಕೈದು ಥರದ ಕ್ರಿಮಿ ಬೆಳೆದಿದೆ ಇದ್ರಲ್ಲಿ. ಒಂದೇ ಹುಡುಗಿಗೆ ನಾಲ್ಕೈದು ಸೋಂಕು ಬರಲ್ಲ ಆಯಮ್ಮ. ಹೇಗೆ ತೆಗೆದ್ರಿ, ತೋರ್ಸಿ."

ತೋರಿಸಿದೆ. ಪ್ಯಾನ್ ತೊಳೆಯೋ ಕಡೆ ಕರೆದುಕೊಂಡು ಹೋದೆ, ಫಿನಾಯಿಲ್ ಬಕೆಟ್ಟು, ಬ್ರಷ್ಷು, ಒರೆಸೋ ಬಟ್ಟೆ ಎಲ್ಲ ನೋಡಿದರು. ಆ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಕಣ್ಣಿಗೆ ಕ್ಲೀನಾಗಿದೆ. ಆದ್ರೆ ವಾರ್ಡಿನವರೆಲ್ಲರ ಕ್ರಿಮಿ ಈ ಪ್ಯಾನಲ್ಲಿದೆ. ಒಂದೊಂದ್ಸಲ ಫಿನಾಯಿಲ್ ಉಳ್ಕೊಂಡು ಇರೋ ಕ್ರಿಮಿನೂ ಸತ್ತು, ಏನೂ ಬೆಳೆಯಲ್ಲ. ಹೀಗೆ ಬಂದಿದ್ದಕ್ಕೆ ನಾನು 'ಮತ್ತೆ ಕಳಿಸಿ' ಅಂತ ಬರೀತೀನಿ. ಅದನ್ನ ನೋಡಿ ಮೇಲಿನವರು ಏನ್ ಮಾಡ್ತಾರೆ?"

"ಕಸದ ಬುಟ್ಟಿಗೆ ಹಾಕ್ತಾರೆ" ಅಂದೆ. ಕಣ್ಣಾರೆ ಕಂಡಿದ್ದೇ ಅದು.

"ಹಾಕಿ?"

"ದೊಡ್ಡ ಇಂಜೆಕ್ಷನ್ ಬರೀತಾರೆ."

"ನೋಡಿ. ಹಾಗಾದ್ರೆ ಬರೆಸ್ತಿರೋದು ಯಾರು?"

ನನಗೆ ರೇಗಿತು. "ಇಷ್ಟು ವರ್ಷದಲ್ಲಿ ಕೆಳಗಿಂದ ಮೇಲಕ್ಕೆ ಬಂದು ಹೀಗೆ ತೆಗೀಬೇಡ ಅಂತ ಹೇಳಿದ್ದು ನೀವೇ ಮೊದಲು ಮೇಡಂ. ಹೇಳದೆ ಇದ್ರೆ ನನಗೇನು ಕನಸು ಬೀಳುತ್ತಾ?" ಅಂದುಬಿಟ್ಟೆ. ಸಿಸ್ಟರ್ ಗಾಬರಿಯಾದರು. ಲ್ಯಾಬ್ ಡಾಕ್ಟರಮ್ಮ ಮಾತ್ರ, "ಅದೂ ಸರಿನೇ" ಅಂದು ಅಲ್ಲೇ ನಿಂತು ಕಲಿಸಿದರು. ಮೊದಲು ನೀರಲ್ಲಿ ಚೆನ್ನಾಗಿ ತೊಳೆಸಬೇಕು. ಮೊದಲ ಸ್ವಲ್ಪ ಹೊರಗೆ ಹೋಗಲಿ. ನಡುವಿನದ್ದು ನೇರವಾಗಿ ಬಾಟ್ಲಿಗೆ ಬೀಳಬೇಕು. ಬಾಟ್ಲಿಯ ಒಳಗೆ ಬೆರಳು ಹೋಗಬಾರದು, ಮುಚ್ಚಳವನ್ನು ಮೇಜಿನ ಮೇಲೆ ಬೋರಲು ಇಡಬಾರದು. ಮುಗಿದ ತಕ್ಷಣ ಬಾಟ್ಲಿ ಕೆಳಗೆ ಬರಬೇಕು, ಸಿಸ್ಟರ್ ಟೇಬಲ್ಲಿನ ಮೇಲೆ ಕೂರಬಾರದು.

ಅಷ್ಟರಲ್ಲಿ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದರು. ಒಳ್ಳೆಯವರು, ಮಾತು ಕಡಿಮೆ, ಮಧ್ಯಾಹ್ನ ಇಂದಿರಾನಗರದಲ್ಲಿ ಇನ್ನೊಂದು ಆಸ್ಪತ್ರೆಗೆ ಓಡಬೇಕಾದವರು. ಹುಡುಗಿಯ ಹೊಟ್ಟೆ ಮುಟ್ಟಿ ನೋಡಿದರು, ಚಾರ್ಟು ನೋಡಿದರು. "ಸಾಕು, ದೊಡ್ಡದು ಶುರು ಮಾಡಿ" ಅಂದರು.

ಲ್ಯಾಬ್ ಡಾಕ್ಟರಮ್ಮ ಅಡ್ಡ ಬಂದರು. "ಸರ್, ಅದಕ್ಕೆ ಮುಂಚೆ ಒಂದು ಒಳ್ಳೆ ಸ್ಯಾಂಪಲ್ ಕೊಡಿ."

"ಮೇಡಂ, ನಿಮ್ಮ ರಿಪೋರ್ಟಿಗೆ ಕಾದು ಕೂತ್ಕೊಳ್ಳೋಕೆ ಆಗಲ್ಲ. ಇವಳಿಗೆ ಏನಾದ್ರೂ ಆದ್ರೆ ಬೇಸ್‌ಮೆಂಟಿಗೆ ಯಾರೂ ಇಳಿದು ಬರಲ್ಲ. ನನ್ನ ಕಾಲರ್ ಹಿಡೀತಾರೆ."

"ಕಾಯಿರಿ ಅಂತ ನಾನೂ ಹೇಳ್ತಿಲ್ಲ. ಸ್ಯಾಂಪಲ್ ಆದ ತಕ್ಷಣ ಹಾಕಿ. ಆದ್ರೆ ರಿಪೋರ್ಟಲ್ಲಿ ಬೇರೆ ಔಷಧಿ ಸಾಕು ಅಂತ ಬಂದ್ರೆ, ದೊಡ್ಡದನ್ನ ನಿಲ್ಲಿಸ್ಬೇಕು. ಅದಕ್ಕಿಂತ ಮೇಲಿನದ್ದು ನಮ್ಮ ಹತ್ರ ಜಾಸ್ತಿ ಇಲ್ಲ. ಈಗಲೇ ವಾರಗಟ್ಟಲೆ ಅದನ್ನೇ ಹಾಕಿ ಕ್ರಿಮಿಗೆ ಅಭ್ಯಾಸ ಮಾಡಿಸಿದ್ರೆ, ಹೆರಿಗೆ ಹೊತ್ತಿಗೆ ಇವಳಿಗೇ ಮತ್ತೆ ಸೋಂಕಾದಾಗ ಏನ್ ಹಾಕ್ತೀರಿ?"

ದೊಡ್ಡ ಡಾಕ್ಟರು ಗಡಿಯಾರ ನೋಡಿದರು. "ಸರಿ. ನಾನು ಮಕ್ಕಳ ವಾರ್ಡು ಮುಗಿಸಿ ಬರ್ತೀನಿ. ಅಷ್ಟರಲ್ಲಿ ಬಾಟ್ಲಿ ತಯಾರಿರ್ಬೇಕು. ಇಲ್ದಿದ್ರೆ ಹಾಗೇ ಶುರು."

ಎಲ್ಲರೂ ನನ್ನ ಕಡೆ ನೋಡಿದರು.

ಹುಡುಗಿಯನ್ನು ಎಬ್ಬಿಸಿ ಕಮೋಡಿನ ಮೇಲೆ ಕೂರಿಸಿದೆ. ಬರಲಿಲ್ಲ. ನಲ್ಲಿ ತಿರುಗಿಸಿ ನೀರು ಬಿಟ್ಟೆ, ಆಗಲೂ ಇಲ್ಲ. ಅಳೋಕೆ ಶುರು ಮಾಡಿದಳು. "ಕುರ್ಚಿ ಮ್ಯಾಲ ಕುಂತಂಗ ಆಗ್ತದ, ಬರಂಗಿಲ್ರೀ" ಅಂದಳು. ಬಾಗಿಲ ಹೊರಗಿಂದ ಅತ್ತೆ, "ಜ್ವರದಾಗ ನೀರಿಗಿ ಕುಂಡ್ರಿಸ್ತಾರಲ್ಲವ್ವಾ, ಪ್ಯಾನ್ ಕೊಡ್ರೀ ಯಕ್ಕಾ" ಅಂತ ಕೂಗುತ್ತಿದ್ದಳು.

ಆಸ್ಪತ್ರೆಯಲ್ಲಿ ಕುಕ್ಕರಗಾಲಲ್ಲಿ ಕೂರೋ ಲ್ಯಾಟ್ರಿನ್ ಇರೋದು ಒಂದೇ ಕಡೆ. ಹಿಂದುಗಡೆ, ಅಡಿಗೆಮನೆ ಪಕ್ಕ, ನಾವು ಆಯಾಗಳು ಹೋಗೋದು. ಪೇಷೆಂಟನ್ನು ಅಲ್ಲಿಗೆ ಕರೆದುಕೊಂಡು ಹೋಗೋ ಹಾಗಿಲ್ಲ. ಸಿಸ್ಟರ್ ಹತ್ತಿರ ಹೇಳಿದರೆ ಬೇಡ ಅಂತಾರೆ, ಬೇಡ ಅನ್ನಲೇಬೇಕು, ಅದು ಅವರ ಕೆಲಸ. ಅದಕ್ಕೆ ಹೇಳಲಿಲ್ಲ. ವೀಲ್‌ಚೇರಿನಲ್ಲಿ ಕೂರಿಸಿದೆ. ಡ್ರಿಪ್ ಬಾಟ್ಲಿಯನ್ನು ಸ್ಟ್ಯಾಂಡಿನಿಂದ ತೆಗೆದು ಅತ್ತೆ ಕೈಗೆ ಕೊಟ್ಟೆ. "ಎತ್ತಿ ಹಿಡಿ. ಇಳಿಸಿದ್ರೆ ರಕ್ತ ವಾಪಸ್ ಬರುತ್ತೆ."

"ಎಲ್ಲಿಗಿ ಯಕ್ಕಾ?"

"ನಿಮ್ಮೂರ ಥರದ್ದಕ್ಕೆ."

ಅಡಿಗೆಮನೆಯವನು ಕೈಯಲ್ಲಿ ಸೌಟು ಹಿಡಿದು ಬೆಪ್ಪಾಗಿ ನಿಂತ. ಒಳಗೆ ಮೂವರಿಗೆ ಜಾಗವಿಲ್ಲ. ಅತ್ತೆ ಬಾಗಿಲಲ್ಲೇ ಡ್ರಿಪ್ಪನ್ನು ದೀಪದ ಥರ ಎತ್ತಿ ಹಿಡಿದು, ಮುಖ ಆ ಕಡೆ ತಿರುಗಿಸಿ ನಿಂತಳು. ನಾನು ಹುಡುಗಿಯನ್ನು ತೊಳೆಸಿ, ಅವಳ ಕೈಗಳನ್ನು ನನ್ನ ಹೆಗಲ ಮೇಲೆ ಹಾಕಿಸಿಕೊಂಡು ಎದುರಿಗೇ ಕುಕ್ಕರಿಸಿದೆ. ನನ್ನ ಮಂಡಿ ಇಂಥದಕ್ಕೆ ಒಪ್ಪಲ್ಲ, ಆದರೂ ಕೂತೆ. ಹಿಡಿದುಕೊಳ್ಳೋಕೆ ಅವಳಿಗೆ ಬಾಟ್ಲಿ ಕೊಡಲಿಲ್ಲ, ಅವಳ ಕೈ ನಡುಗುತ್ತಿತ್ತು. ನಾನೇ ಹಿಡಿದೆ.

"ನಾಚ್ಕಿ ಬರ್ತದ್ರೀ" ಅಂದಳು.

"ನನಗೂ ಬರುತ್ತೆ. ಬೇಗ ಮುಗಿಸು."

ನಕ್ಕುಬಿಟ್ಟಳು. ನಗುತ್ತಲೇ ಬಂತು. ಮೊದಲನೆಯದನ್ನು ಬಿಟ್ಟೆ, ನಡುವಿನದ್ದನ್ನು ಹಿಡಿದೆ, ಮುಚ್ಚಳ ಹಾಕಿದೆ. ಸ್ವಲ್ಪ ನನ್ನ ಕೈ ಮೇಲೂ ಬಿತ್ತು, ಕೈಗವಸು ಇತ್ತು. ಹುಡುಗಿಯನ್ನು ವಾರ್ಡಿಗೆ ಬಿಟ್ಟು, ಕುಂಟುತ್ತಾ ಬೇಸ್‌ಮೆಂಟಿಗೆ ಹೋಗಿ ಬಾಟ್ಲಿಯನ್ನು ಲ್ಯಾಬ್ ಡಾಕ್ಟರಮ್ಮನ ಕೈಗೇ ಕೊಟ್ಟೆ. ದೊಡ್ಡ ಡಾಕ್ಟರು ಬರೋ ಹೊತ್ತಿಗೆ ದೊಡ್ಡ ಇಂಜೆಕ್ಷನ್ ಏರಿಸೋಕೆ ಸಿಸ್ಟರ್ ತಯಾರಾಗಿದ್ದರು.

ಎರಡು ದಿನದಲ್ಲಿ ಜ್ವರ ಇಳಿಯಿತು. ಹುಡುಗಿ ಎದ್ದು ಕೂತು ಇಡ್ಲಿ ತಿಂದಳು. ಅತ್ತೆ ವಾರ್ಡಿನವರಿಗೆಲ್ಲ ದೊಡ್ಡ ಇಂಜೆಕ್ಷನ್ನಿನ ಮಹಿಮೆ ಹೇಳೋಕೆ ಶುರು ಮಾಡಿದಳು. ಪಕ್ಕದ ಮಂಚದಲ್ಲಿ ಪಿತ್ತಕೋಶದ ಆಪರೇಷನ್ ಆಗಿದ್ದ ಹೆಂಗಸು, ನನಗೂ ಅದೇ ಹಾಕಿ ಅಂತ ಸಿಸ್ಟರಿಗೆ ಹೇಳಿದಳು.

ರಿಪೋರ್ಟು ಬಂತು. ಒಂದೇ ಕ್ರಿಮಿ. ನೀಲಿ ಮುಚ್ಚಳದ ಇಂಜೆಕ್ಷನ್‌ಗೆ ಜಗ್ಗಿಲ್ಲ, ಅದಕ್ಕೇ ಜ್ವರ ಬಿಟ್ಟಿರಲಿಲ್ಲ. ಆದರೆ ಬಸುರಿಯರಿಗೂ ಕೊಡಬಹುದಾದ ಒಂದು ಹಳೇ ಇಂಜೆಕ್ಷನ್‌ಗೆ ಚೆನ್ನಾಗಿ ಸಾಯುತ್ತಿತ್ತು. ಲ್ಯಾಬ್ ಡಾಕ್ಟರಮ್ಮ ಮತ್ತೆ ಮೇಲೆ ಬಂದರು.

ಈಗ ಬದಲಿಸೋಕೆ ಯಾರಿಗೂ ಮನಸ್ಸಿಲ್ಲ. ಡ್ಯೂಟಿ ಡಾಕ್ಟರಮ್ಮ, "ಸರ್ ಶುರು ಮಾಡಿದ್ದನ್ನ ನಾನು ಹೇಗೆ ನಿಲ್ಲಿಸ್ಲಿ?" ಅಂದರು. ದೊಡ್ಡ ಡಾಕ್ಟರು, "ವಾಸಿಯಾಗ್ತಿದೆ, ಈಗ ಯಾಕೆ ಕೈ ಹಾಕೋದು" ಅಂದರು.

"ಮಾತು ಕೊಟ್ಟಿದ್ದೀರಿ ಸರ್."

ಅವರು ಚಾರ್ಟಿನ ಮೇಲೆ ಪೆನ್ನು ಇಟ್ಟು ನಿಂತರು. "ನನಗೆ ಅರ್ಥವಾಗುತ್ತೆ ಮೇಡಂ. ಅವರ ಮನೆಯವರಿಗೆ ಯಾರು ಹೇಳ್ತಾರೆ? ದೊಡ್ಡದು ನಿಲ್ಲಿಸಿ ಸಣ್ಣದು ಹಾಕಿದ್ರು ಅಂತಾರೆ."

"ನಾನೇ ಹೇಳ್ತೀನಿ" ಅಂದು ಲ್ಯಾಬ್ ಡಾಕ್ಟರಮ್ಮ ಮಂಚದ ಹತ್ತಿರ ಹೋಗಿ ಮೊಬೈಲಿನಲ್ಲಿ ಲ್ಯಾಬಿನ ತಟ್ಟೆಯ ಫೋಟೋ ತೋರಿಸಿದರು. ದುಂಡು ತಟ್ಟೆ, ಅದರ ತುಂಬ ಮಾಸಲು ಪಾಚಿಯ ಥರ ಕ್ರಿಮಿ. ಮೇಲೆ ಚಿಕ್ಕ ಚಿಕ್ಕ ಬಿಲ್ಲೆ ಇಟ್ಟಿದ್ದರು, ಒಂದೊಂದರಲ್ಲಿ ಒಂದೊಂದು ಔಷಧಿ. ಕೆಲವು ಬಿಲ್ಲೆ ಸುತ್ತ ಪಾಚಿ ಹಾಗೇ ಇತ್ತು. ಇನ್ನು ಕೆಲವು ಬಿಲ್ಲೆ ಸುತ್ತ ಬಳೆಯಷ್ಟು ಅಗಲ ತಿಳಿಯಾಗಿತ್ತು.

"ನೋಡಿ ಅಜ್ಜಿ, ಇದು ದೊಡ್ಡ ಇಂಜೆಕ್ಷನ್, ಸುತ್ತ ಕ್ರಿಮಿ ಸತ್ತಿದೆ. ಇದು ಹಳೇದು. ಇಲ್ಲೂ ಸತ್ತಿದೆ."

ಅತ್ತೆ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ಇದು ನಮ್ ಸೊಸಿ ಹೊಟ್ಯಾಗಿಂದಾ?"

"ನೀವು ಡ್ರಿಪ್ ಹಿಡ್ಕೊಂಡು ನಿಂತಿದ್ರಲ್ಲ, ಆಗ ಹಿಡಿದ ಮೂತ್ರದ್ದು."

"ಎರಡಕ್ಕೂ ಸಾಯ್ತದಂದ್ರ ಸಣ್ಣದೇ ಹಾಕ್ರಿ ಮತ್ತ" ಅಂದಳು. ಇಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೆ ಆಗಲೇ ಅನುಮಾನ ಬಂತು. ದೊಡ್ಡ ಡಾಕ್ಟರು ಬದಲಿಸಿ ಬರೆದರು. ಹೋಗುವಾಗ ಡ್ಯೂಟಿ ಡಾಕ್ಟರಮ್ಮನಿಗೆ, "ಜ್ವರ ಮತ್ತೆ ಬಂದ್ರೆ ಫೋನ್ ಮಾಡು, ದೊಡ್ಡದಕ್ಕೇ ವಾಪಸ್ ಹೋಗೋಣ" ಅಂದರು.

ಅವತ್ತು ಸಂಜೆ ಕಾಫಿ ಹೊತ್ತಿಗೆ ಸಿಸ್ಟರ್ ಟೆಂಪರೇಚರ್ ನೋಡಿದರು. ಏರಿತ್ತು.

ನಾನು ಓಡಿ ಹೋಗಿ ಡ್ಯೂಟಿ ಡಾಕ್ಟರಮ್ಮನನ್ನು ಕರೆತಂದೆ. ಹುಡುಗಿಯ ಮುಖ ಕೆಂಪಾಗಿತ್ತು, ಹಣೆ ಬೆವರಿತ್ತು. ವಿಸಿಟಿಂಗ್ ಟೈಮು, ಸೈಟಿನವರು ಮತ್ತೆ ಬಂದು ನಿಂತಿದ್ದರು. ಗಂಡ ಒಂದೇ ಮಾತು ಕೇಳಿದ. "ಬದಲಿ ಮಾಡಿದ್ರಂತಲ್ರೀ?"

ಡಾಕ್ಟರಮ್ಮನ ಕೈ ಫೋನಿಗೆ ಹೋಯಿತು. ನಾನು ಅವರ ಹಿಂದೆಯೇ ನಿಂತು, "ಮಾಡ್ಬಿಡಿ ಡಾಕ್ಟರಮ್ಮ. ಬಸುರಿ ಹೆಂಗಸು. ಯಾಕೆ ಬೇಕು? ದೊಡ್ಡದೇ ಹಾಕ್ಬಿಡಿ" ಅಂದೆ. ಮಂಡಿ ನೋಯಿಸಿಕೊಂಡು ಆ ಬಾಟ್ಲಿ ಹಿಡಿದವಳು ನಾನು, ತಟ್ಟೆಯ ಫೋಟೋ ನೋಡಿದವಳೂ ನಾನು. ಆದರೂ ಬಾಯಿಗೆ ಬಂದಿದ್ದು ಅದೇ. ಹೆದರಿಕೆ ಬಂದಾಗ ಎಲ್ಲರೂ ಅದನ್ನೇ ಹೇಳೋದು.

"ಆಯಮ್ಮ, ಒಂದು ನಿಮಿಷ ಸುಮ್ನಿರ್ತೀರಾ?" ಅಂದರು. ಜೋರಾಗೇ ಅಂದರು. ಅವರು ಹಾಗೆ ಅಂದಿದ್ದು ಅದೇ ಮೊದಲು.

ಫೋನನ್ನು ಕೋಟಿನ ಜೇಬಿಗೆ ಹಾಕಿಕೊಂಡು ಮಂಚದ ಮೇಲೇ ಕೂತರು. ನಾಡಿ ಹಿಡಿದು ನೋಡಿದರು. ಬೆನ್ನಿನ ಬಲಪಕ್ಕ ಮೆಲ್ಲಗೆ ಗುದ್ದಿ, "ನೋವಾಗುತ್ತಾ?" ಅಂದರು. ಹುಡುಗಿ ಇಲ್ಲ ಅಂದಳು. "ನಡುಕ ಬಂತಾ?" ಇಲ್ಲ. "ಹೊಟ್ಟೆ ಹಿಂಡಿದ ಹಾಗೆ?" ಇಲ್ಲ. ಮಗುವಿನ ಎದೆಬಡಿತ ಕೇಳೋ ಮಿಷನ್ ತರಿಸಿದರು. ಕುದುರೆ ಓಡಿದ ಹಾಗೆ ಟಕಟಕ ಅಂತ ಎಲ್ಲರಿಗೂ ಕೇಳಿಸಿತು. ಗಂಡ ಗೋಡೆಗೆ ಒರಗಿದ.

"ನಿನಗೆ ಏನಾಗ್ತಿದೆ, ನೀನೇ ಹೇಳು" ಅಂದರು ಡಾಕ್ಟರಮ್ಮ.

"ಸೆಕಿ ಆಗಕತ್ತದ್ರೀ" ಅಂದಳು ಹುಡುಗಿ.

ಆಗ ಡಾಕ್ಟರಮ್ಮ ಹೊದಿಕೆ ಎಳೆದರು. ಆಸ್ಪತ್ರೆಯ ತೆಳು ಬ್ಲಾಂಕೆಟ್ಟಿನ ಕೆಳಗೆ ಒಂದು ಕೌದಿ. ಊರಲ್ಲಿ ಹಳೇ ಸೀರೆ, ಧೋತ್ರ ಪದರ ಪದರ ಸೇರಿಸಿ ಕೈಯಲ್ಲೇ ಹೊಲಿದದ್ದು, ಗೋಣಿಚೀಲದಷ್ಟು ಭಾರ. ಅದರ ಕೆಳಗೆ ಇನ್ನೊಂದು. ನಾನು ಮಧ್ಯಾಹ್ನ ಹಾಸಿಗೆ ಸರಿಮಾಡುವಾಗ ಒಂದೂ ಇರಲಿಲ್ಲ.

"ಯಾರು ಹೊದಿಸಿದ್ದು?"

ಅತ್ತೆ ಮುಂದೆ ಬಂದಳು. ಅವಳಿಗೆ ಒಂದಿಷ್ಟೂ ಅಳುಕಿಲ್ಲ. "ನಾನೇ ರೀ. ಇಂಜೆಕ್ಷನ್ ಸಣ್ಣದು ಮಾಡಿದ್ರಲ್ಲ, ಅದ್ಕ ನಮ್ ಹುಡುಗನ ಕಡೀಂದ ರೂಮಿಂದ ತರಿಸಿ ಹೊಚ್ಚೀನಿ. ಔಷಧ ಕಡಿಮಿ ಆದ್ರ ಮೈಗಿ ಕಾವಾರ ಇರಬೇಕಲ್ಲ?"

ಸೈಟಿನವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಡಾಕ್ಟರಮ್ಮ ನಗಲಿಲ್ಲ. "ಎರಡೂ ತೆಗೀರಿ. ಫ್ಯಾನ್ ಹಾಕಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡೋಣ. ಆಗಲೂ ಇದ್ರೆ ಫೋನ್ ಮಾಡ್ತೀನಿ. ಅಲ್ಲಿವರೆಗೆ ಯಾರೂ ಏನೂ ಬದಲಿಸಲ್ಲ."

ಅವರು ವಾರ್ಡಿನಿಂದ ಕದಲಲಿಲ್ಲ. ಆ ಮಂಚಕ್ಕೆ ಕಾಣೋ ಹಾಗೆ ಒಂದು ಸ್ಟೂಲ್ ಹಾಕಿಕೊಂಡು ಕೂತರು. ಗಂಡಸರು ಅವರನ್ನೇ ನೋಡುತ್ತಾ ನಿಂತಿದ್ದರು. ನಾನು ಕೌದಿಗಳನ್ನು ಮಡಚಿ ಮಂಚದ ಕೆಳಗೆ ತಳ್ಳಿದೆ. ಫೋನ್ ಮಾಡಿ ದೊಡ್ಡದು ಹಾಕಿಸಿದ್ದರೆ ಎಲ್ಲರೂ ಅವರನ್ನು ಹೊಗಳುತ್ತಿದ್ದರು, ರಾತ್ರಿ ಹುಡುಗಿಯೇ ಸೆಕೆಗೆ ಕೌದಿ ಸರಿಸಿ ಬೆಳಗಾಗೋ ಹೊತ್ತಿಗೆ ಮೈ ತಣ್ಣಗಾಗುತ್ತಿತ್ತು, ಇಂಜೆಕ್ಷನ್ನಿಗೇ ಹೆಸರು ಬರುತ್ತಿತ್ತು. ಇದು ನನಗೆ ಅಲ್ಲೇ ಹೊಳೆದಿದ್ದಲ್ಲ.

ಡಾಕ್ಟರಮ್ಮ ಎದ್ದು ತಾವೇ ಥರ್ಮಾಮೀಟರ್ ಇಟ್ಟರು. ಇಳಿದಿತ್ತು. ಗಂಡನಿಗೆ ತೋರಿಸಿದರು, ಅವನಿಗೆ ಓದೋಕೆ ಬರುತ್ತಿತ್ತು. ಆಮೇಲೆ ಹೊರಗೆ ಹೋಗಿ ಎರಡು ಲೋಟ ನೀರು ಒಂದೇ ಉಸಿರಿಗೆ ಕುಡಿದರು. ನಾನು ನೋಡದವಳ ಹಾಗೆ ಬಕೆಟ್ಟು ಎತ್ತಿಕೊಂಡು ಹೋದೆ.

ಹಳೇ ಇಂಜೆಕ್ಷನ್ನಿನಲ್ಲೇ ಮುಗಿಯಿತು. ಹುಡುಗಿ ನಡೆದುಕೊಂಡೇ ಮನೆಗೆ ಹೋದಳು. ಆಯಾಗಳ ಲ್ಯಾಟ್ರಿನ್‌ಗೆ ಪೇಷೆಂಟನ್ನು ಕರೆದೊಯ್ದದ್ದು ಆಸ್ಪತ್ರೆ ನಡೆಸೋರಿಗೆ ಗೊತ್ತಾಗಿ ನನ್ನನ್ನು ಬೈದರು, ಬೈದವರೇ ಆಮೇಲೆ ಅಲ್ಲಿ ಹಿಡಿದುಕೊಳ್ಳೋಕೆ ಒಂದು ಕಂಬಿ ಹಾಕಿಸಿದರು. ಈಗ ಕಲ್ಚರ್ ಅಂದರೆ ಅಲ್ಲಿಗೇ ಹೋಗೋದು. ಬೆಡ್‌ಪ್ಯಾನಿನಿಂದ ಬಗ್ಗಿಸೋ ಆಯಾ ಸಿಕ್ಕಿದರೆ ನಾನು ಸುಮ್ಮನಿರಲ್ಲ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಓಪಿಡಿಯಲ್ಲಿ ಆ ಅತ್ತೆಯನ್ನು ಕಂಡೆ. ತೊಡೆಯ ಮೇಲೆ ಅದೇ ಕೌದಿ, ಅದರೊಳಗೆ ಕೂಸು. ತಿಂಗಳು ತುಂಬಿಯೇ ಹುಟ್ಟಿದ್ದು, ಗಂಡು, ಕಪ್ಪಗೆ ದುಂಡಗಿತ್ತು. ಮೂಗು ಸೋರುತ್ತಿತ್ತು. ಸೊಸೆ ಪಕ್ಕದಲ್ಲಿ ಕೂತು ನನ್ನನ್ನು ನೋಡಿ ನಕ್ಕಳು. ಒಳಗೆ ಅದೇ ಡ್ಯೂಟಿ ಡಾಕ್ಟರಮ್ಮ. ನಾನೂ ಜೊತೆಗೆ ಹೋದೆ.

ಕೂಸನ್ನು ಮೇಜಿನ ಮೇಲೆ ಮಲಗಿಸೋ ಮುಂಚೆಯೇ ಅತ್ತೆ ಶುರು ಮಾಡಿದಳು. "ಡಾಕ್ಟರಬಾಯಿ, ಥಂಡಿ ಆಗ್ಯಾದ. ದೊಡ್ಡ ಇಂಜೆಕ್ಷನ್ ಹಾಕಿಬಿಡ್ರೀ."

ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿದರು, ಕಿವಿ ನೋಡಿದರು, ಹಾಲು ಕುಡೀತಾನಾ ಅಂತ ಸೊಸೆಯನ್ನು ಕೇಳಿದರು. ಆಮೇಲೆ ಮೂಗಿಗೆ ಬಿಡೋ ಉಪ್ಪುನೀರಿನ ಹನಿ ಬರೆದರು.

ಅತ್ತೆ ಚೀಟಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ನನ್ನ ಕಡೆ ತಿರುಗಿದಳು. "ಇಷ್ಟೇ ಏನ್ ಯಕ್ಕಾ? ನೀವಾರ ಒಂದ್ ಮಾತು ಹೇಳ್ರಿ."

ಡಾಕ್ಟರಮ್ಮ ತಲೆ ಎತ್ತಿ ನನ್ನನ್ನು ನೋಡಿದರು.

"ಇಷ್ಟೇ" ಅಂದೆ. "ಮೊದಲು ಆ ಕೌದಿ ಬಿಚ್ಚು."